ಯಾರೂ ಕರೆಯದಿದ್ದರೂ ಗ್ಯಾಲರಿ ಓಪನಿಂಗ್‌ಗೆ ಹೋಗಿಬರುವುದು ಹೇಗೆ

ಸಂಜೆ ಹೊತ್ತು ಆರ್ಟ್ ಗ್ಯಾಲರಿಯೊಂದರ ಮುಂದೆ ಹಾದುಹೋಗುವಾಗ ಒಳಗೆ ಜನ ತುಂಬಿರುವುದು ಕಾಣುತ್ತದೆ. ಬಿಳಿ ಗೋಡೆ, ಜೋರು ಬೆಳಕು, ಕೈಯಲ್ಲೊಂದು ಗ್ಲಾಸ್, ಎಲ್ಲರಿಗೂ ಎಲ್ಲರೂ ಗೊತ್ತು ಅನ್ನೋ ಥರ ನಗು. ಹೊರಗೆ ನಿಂತವರಿಗೆ ಅದು ಯಾರದೋ ಮನೆ ಮದುವೆಯ ಹಾಗೆ ಕಾಣುತ್ತದೆ. ಕರೆಯದೆ ಹೇಗೆ ಹೋಗುವುದು ಅಂದುಕೊಂಡು ಮುಂದೆ ನಡೆದುಬಿಡುತ್ತೇವೆ.

ಹೋಗಬಹುದು. ಹೊಸ ಪ್ರದರ್ಶನ ಶುರುವಾಗುವ ಸಂಜೆ ನಡೆಯುವ ಈ ಓಪನಿಂಗ್‌ಗಳಲ್ಲಿ ಹೆಚ್ಚಿನವು ಎಲ್ಲರಿಗೂ ತೆರೆದಿರುತ್ತವೆ. ಟಿಕೆಟ್ ಇರುವುದಿಲ್ಲ, ಏನನ್ನೂ ಕೊಳ್ಳಬೇಕಾಗಿಲ್ಲ. ಗ್ಯಾಲರಿಯವರಿಗೂ ಅವತ್ತು ಜನ ಬೇಕು. ಖಾಲಿ ಹಾಲ್‌ನಲ್ಲಿ ಕಲಾವಿದರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾಗಿಲು ನೋಡುತ್ತಾ ಕಾಯುವುದು ಅವರಿಗೆ ತುಂಬಾ ಮುಜುಗರದ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓಪನಿಂಗ್ ದಿನ ಕಲಾಕೃತಿಗಳನ್ನು ನೆಮ್ಮದಿಯಾಗಿ ನೋಡಲು ಆಗುವುದಿಲ್ಲ. ಒಳ್ಳೆಯ ಚಿತ್ರದ ಮುಂದೆ ಯಾರೋ ಬೆನ್ನು ಹಾಕಿ ನಿಂತು ಮನೆ ಬಾಡಿಗೆ ಬಗ್ಗೆ ಮಾತಾಡುತ್ತಿರುತ್ತಾರೆ. ವಿಡಿಯೋ ಕೃತಿಯ ಶಬ್ದ ಗಲಾಟೆಯಲ್ಲಿ ಕೇಳಿಸುವುದೇ ಇಲ್ಲ. ಅವತ್ತು ಸಿಗುವುದು ಜನ. ಮಾಡಿದವರು, ಮಾರುವವರು, ಅದರ ಬಗ್ಗೆ ಬರೆಯುವವರು, ಕೊಳ್ಳುವವರು, ಸುಮ್ನೆ ಬಂದವರು ಎಲ್ಲ ಒಂದೇ ಕೋಣೆಯಲ್ಲಿ ಎರಡು ಗಂಟೆ ಇರುತ್ತಾರೆ, ಮಾರನೇ ದಿನ ಹೋದರೆ ಅವರಲ್ಲಿ ಒಬ್ಬರೂ ಇರುವುದಿಲ್ಲ. ಹಾಗಾಗಿ ಮೊದಲ ಸಲ ಜನರಿಗಾಗಿ ಹೋಗಿ, ಎರಡನೇ ಸಲ ಕೃತಿಗಳಿಗಾಗಿ ಹೋಗಿ. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೇ ಇದೆ.

ಎಲ್ಲಿ, ಯಾವತ್ತು ಅಂತ ಪತ್ತೆ ಮಾಡಿ

ಗ್ಯಾಲರಿ ಅನ್ನುವ ಹೆಸರಿನಲ್ಲಿ ಬೇರೆ ಬೇರೆ ಥರದ ಜಾಗಗಳಿವೆ. ಕೃತಿಗಳನ್ನು ಮಾರುವ ಖಾಸಗಿ ಗ್ಯಾಲರಿ ಒಂದು. ಮಾರಾಟವಾದರೆ ಬಂದ ದುಡ್ಡನ್ನು ಗ್ಯಾಲರಿ ಮತ್ತು ಕಲಾವಿದರು ಹಂಚಿಕೊಳ್ಳುತ್ತಾರೆ, ಸಾಮಾನ್ಯವಾಗಿ ಅರ್ಧರ್ಧ. ಏನನ್ನೂ ಮಾರದ ಮ್ಯೂಸಿಯಂ ಮತ್ತು ಟ್ರಸ್ಟ್‌ಗಳು ಇನ್ನೊಂದು. ಇಲ್ಲಿನ ಓಪನಿಂಗ್‌ಗೆ ಕೆಲವೊಮ್ಮೆ ಸದಸ್ಯರಿಗೆ, ದಾನಿಗಳಿಗೆ ಮಾತ್ರ ಪ್ರವೇಶ. ಮೂರನೆಯದು ಕಲಾವಿದರೇ ಸೇರಿ ನಡೆಸುವ ಜಾಗಗಳು, ಹಳೇ ಗೋಡೌನ್, ಯಾರದೋ ಸ್ಟುಡಿಯೋ, ಮಹಡಿ ಮೇಲಿನ ರೂಮು. ಹೊಸಬರಿಗೆ ನಾನು ಹೇಳುವುದು ಈ ಮೂರನೆಯದರಿಂದ ಶುರು ಮಾಡಿ ಅಂತಲೇ. ಅಲ್ಲಿ ಗತ್ತು ಕಡಿಮೆ, ಮಾತು ಜಾಸ್ತಿ.

ಪತ್ತೆ ಮಾಡುವುದು ಕಷ್ಟವಲ್ಲ. ಎರಡು ಮೂರು ಗ್ಯಾಲರಿಗಳ ಇಮೇಲ್ ಪಟ್ಟಿಗೆ ಸೇರಿಕೊಳ್ಳಿ, ಇನ್‌ಸ್ಟಾಗ್ರಾಂನಲ್ಲಿ ಫಾಲೋ ಮಾಡಿ. ಒಂದು ಗ್ಯಾಲರಿ ಯಾವ ಗ್ಯಾಲರಿಗಳನ್ನು ಫಾಲೋ ಮಾಡುತ್ತಿದೆ ಅಂತ ನೋಡಿದರೆ ಉಳಿದವು ತಾವಾಗಿಯೇ ಸಿಗುತ್ತವೆ. ದೊಡ್ಡ ನಗರಗಳಲ್ಲಿ ಗ್ಯಾಲರಿಗಳು ಒಂದೇ ಏರಿಯಾದಲ್ಲಿ ಗುಂಪಾಗಿರುತ್ತವೆ, ಒಂದೇ ಸಂಜೆ ಓಪನಿಂಗ್ ಇಟ್ಟುಕೊಳ್ಳುವುದೂ ಉಂಟು. ನ್ಯೂಯಾರ್ಕಿನ ಚೆಲ್ಸಿಯಲ್ಲಿ ಗುರುವಾರ ಸಂಜೆ ಅಂದರೆ ಓಪನಿಂಗ್ ಅನ್ನುವಷ್ಟು ಅಭ್ಯಾಸವಾಗಿದೆ. ಬರ್ಲಿನ್‌ನಲ್ಲಿ 2005ರಿಂದ ವರ್ಷಕ್ಕೊಮ್ಮೆ ಗ್ಯಾಲರಿ ವೀಕೆಂಡ್ ನಡೆಯುತ್ತಿದೆ, ನಗರದ ಹತ್ತಾರು ಗ್ಯಾಲರಿಗಳು ಒಟ್ಟಿಗೆ ಹೊಸ ಪ್ರದರ್ಶನ ತೆರೆಯುತ್ತವೆ. ಇಂಥ ಸಂಜೆ ಒಂದು ಕಡೆ ಬೇಜಾರಾದರೆ ಪಕ್ಕದ ಬಾಗಿಲಿಗೆ ನಡೆದರಾಯಿತು. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗಲ್ಲ.

ಆಹ್ವಾನ ಪತ್ರಿಕೆಯನ್ನು ಪೂರ್ತಿ ಓದಿ. ‘ಓಪನಿಂಗ್ ರಿಸೆಪ್ಷನ್’ ಅಂತ ಸಮಯ ಮಾತ್ರ ಹಾಕಿದ್ದರೆ ನೇರ ಹೋಗಬಹುದು. ‘ಆರ್‌ಎಸ್‌ವಿಪಿ’ ಅಂತ ಇದ್ದರೆ ಬರುತ್ತೇನೆ ಅಂತ ಒಂದು ಮೇಲ್ ಹಾಕಿ, ಮುಗಿಯಿತು. ಇದನ್ನು ನೋಡಿ ಹೆದರುವವರೇ ಜಾಸ್ತಿ, ಆದರೆ ಗ್ಲಾಸ್ ಎಷ್ಟು ತರಿಸಬೇಕು, ಜಾಗ ಸಾಲುತ್ತದಾ ಅಂತ ಲೆಕ್ಕ ಹಾಕುವುದಕ್ಕೇ ಅವರು ಕೇಳುವುದು. ‘ಆಹ್ವಾನಿತರಿಗೆ ಮಾತ್ರ’ ಅಥವಾ ‘ಪ್ರೈವೇಟ್ ಪ್ರಿವ್ಯೂ’ ಅಂತ ಸ್ಪಷ್ಟವಾಗಿ ಬರೆದಿದ್ದರೆ ಬೇಡ. ಗೊತ್ತಾಗದಿದ್ದರೆ ಫೋನ್ ಮಾಡಿ, ‘ಸಂಜೆ ಕಾರ್ಯಕ್ರಮಕ್ಕೆ ಯಾರು ಬೇಕಾದರೂ ಬರಬಹುದಾ?’ ಅಂತ ಕೇಳಿ. ಮೆಟ್ಟಿಲು ಹತ್ತುವುದು ಕಷ್ಟ ಇರುವವರು ಲಿಫ್ಟ್ ಇದೆಯಾ ಅಂತಲೂ ಅದೇ ಫೋನಿನಲ್ಲಿ ಕೇಳಿಬಿಡಿ, ಹಳೇ ಕಟ್ಟಡಗಳೇ ಜಾಸ್ತಿ ಈ ಲೋಕದಲ್ಲಿ.

ಪತ್ರಿಕೆ ಪೂರ್ತಿ ಓದಿ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. 1969ರಲ್ಲಿ ಅಮೆರಿಕದ ಕಲಾವಿದ ರಾಬರ್ಟ್ ಬ್ಯಾರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಪ್ರದರ್ಶನ ಮಾಡಿದರು. ಪ್ರದರ್ಶನದ ಅವಧಿಯಲ್ಲಿ ಗ್ಯಾಲರಿ ಮುಚ್ಚಿರುತ್ತದೆ ಅಂತ ಪತ್ರಿಕೆಯಲ್ಲಿ ಹಾಕಿದ್ದೇ ಆ ಕೃತಿ. ಸಮಕಾಲೀನ ಕಲೆಯಲ್ಲಿ ಇಂಥದ್ದೂ ನಡೆಯುತ್ತದೆ.

ಹೋಗುವ ಮುಂಚೆ ಹತ್ತು ನಿಮಿಷ

ಜಾಸ್ತಿ ತಯಾರಿ ಬೇಡ. ಕಲಾವಿದರ ಹೆಸರು ಹುಡುಕಿ, ಹಳೆಯ ನಾಲ್ಕೈದು ಕೆಲಸಗಳ ಫೋಟೋ ನೋಡಿ. ಗ್ಯಾಲರಿ ಕಳಿಸಿದ ಟಿಪ್ಪಣಿಯನ್ನು ಒಮ್ಮೆ ಓದಿ. ಅದು ಅರ್ಥವಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಈ ಟಿಪ್ಪಣಿಗಳ ಭಾಷೆ ಕಲಾಲೋಕದಲ್ಲೇ ನಗೆಪಾಟಲಿನ ವಿಷಯ, ಬರೆದವರಿಗೂ ಎರಡನೇ ಸಲ ಓದಿದರೆ ಅರ್ಥವಾಗುತ್ತದೋ ಇಲ್ಲವೋ ಅನುಮಾನ. ಅದರಲ್ಲಿ ಗಟ್ಟಿ ಸಂಗತಿಗಳನ್ನಷ್ಟೇ ಆರಿಸಿಕೊಳ್ಳಿ: ಯಾವ ವಸ್ತುವಿನಿಂದ ಮಾಡಿದ್ದು, ಎಲ್ಲಿ ಮಾಡಿದ್ದು, ಎಷ್ಟು ವರ್ಷದ ಕೆಲಸ.

ಬಟ್ಟೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಪ್ಪು ಬಟ್ಟೆಯೇ ಹಾಕಬೇಕು ಅನ್ನೋ ನಿಯಮ ಏನಿಲ್ಲ. ಆಫೀಸಿನಿಂದ ನೇರ ಬಂದವರು, ಬಣ್ಣ ಮೆತ್ತಿದ ಪ್ಯಾಂಟಿನವರು, ಪಾರ್ಟಿಗೆ ಹೊರಟಂತೆ ಬಂದವರು ಎಲ್ಲ ಇರುತ್ತಾರೆ. ಚಪ್ಪಲಿ ಅಥವಾ ಶೂ ಮಾತ್ರ ಆರಾಮಾಗಿರಲಿ. ಕಾಂಕ್ರೀಟ್ ನೆಲದ ಮೇಲೆ ಒಂದು ಗಂಟೆಯಾದರೂ ನಿಲ್ಲಬೇಕು, ಕೂರಲು ಒಂದೇ ಒಂದು ಬೆಂಚ್ ಇದ್ದರೆ ನಿಮ್ಮ ಪುಣ್ಯ. ಆ ಬೆಂಚ್ ಕೂಡ ಕಲಾಕೃತಿ ಅಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೂರಿ.

ಬೆನ್ನಿಗೆ ಹಾಕುವ ದೊಡ್ಡ ಬ್ಯಾಗ್ ಬೇಡ. ತಂದಿದ್ದರೆ ಬಾಗಿಲ ಬಳಿ ಕೊಡಿ, ಇಲ್ಲವಾದರೆ ಮುಂದಕ್ಕೆ ಎದೆಯ ಮೇಲೆ ಹಾಕಿಕೊಳ್ಳಿ. ಹಿಂದೆ ತಿರುಗಿದಾಗ ನಿಮ್ಮ ಬ್ಯಾಗ್ ಎಲ್ಲಿ ತಾಗುತ್ತದೆ ಅಂತ ನಿಮಗೇ ಗೊತ್ತಿರುವುದಿಲ್ಲ. 2023ರ ಫೆಬ್ರವರಿಯಲ್ಲಿ ಮಯಾಮಿಯ ಒಂದು ಕಲಾಮೇಳದ ಮೊದಲ ಸಂಜೆ, ಬಂದವರೊಬ್ಬರಿಂದ ಪೀಠ ಅಲುಗಾಡಿ ಕಲಾವಿದ ಜೆಫ್ ಕೂನ್ಸ್ ಅವರ ‘ಬಲೂನ್ ಡಾಗ್’ ಅನ್ನುವ ನೀಲಿ ಪಿಂಗಾಣಿಯ ನಾಯಿ ಕೆಳಗೆ ಬಿದ್ದು ಚೂರುಚೂರಾಯಿತು. ಬೆಲೆ 42,000 ಡಾಲರ್. ಇನ್ಶೂರೆನ್ಸ್ ಇತ್ತು, ಹಾಗಾಗಿ ಬಚಾವ್. ತಮಾಷೆ ಏನೆಂದರೆ ಸುತ್ತ ನಿಂತವರಲ್ಲಿ ಕೆಲವರು ಇದೂ ಪ್ರದರ್ಶನದ ಭಾಗ ಅಂದುಕೊಂಡರಂತೆ.

ಸಮಯ

ಆರರಿಂದ ಎಂಟು ಅಂತ ಹಾಕಿದ್ದರೆ ಆರೂಕಾಲಿಗೆ ಅಲ್ಲಿರಿ. ಹೊಸಬರು ಇದಕ್ಕೆ ಉಲ್ಟಾ ಮಾಡುತ್ತಾರೆ, ಜನ ಸೇರಲಿ, ಗುಂಪಿನಲ್ಲಿ ಸೇರಿಹೋಗೋಣ ಅಂತ ಏಳೂವರೆಗೆ ಬರುತ್ತಾರೆ. ಆ ಹೊತ್ತಿಗೆ ಎಲ್ಲರೂ ಗುಂಪು ಕಟ್ಟಿಕೊಂಡಾಗಿರುತ್ತದೆ, ಒಬ್ಬರೇ ಬಂದವರಿಗೆ ನುಸುಳಲು ಜಾಗ ಇರುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಗೋಡೆಗಳು ಕಾಣುತ್ತವೆ, ಕಲಾವಿದರು ಇನ್ನೂ ಯಾರ ಕೈಗೂ ಸಿಕ್ಕಿಕೊಂಡಿರುವುದಿಲ್ಲ, ಗ್ಯಾಲರಿಯವರು ಬಾಗಿಲ ಕಡೆ ನೋಡುತ್ತಾ ಇರುತ್ತಾರೆ. ಬೇಗ ಬಂದವರನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ ಕೂಡ.

ಪರ್ಫಾರ್ಮೆನ್ಸ್, ಅಂದರೆ ಜನರ ಮುಂದೆ ಮಾಡಿ ತೋರಿಸುವ ಕೃತಿ, ಇದ್ದರೆ ಅದಕ್ಕೆ ಬೇರೆ ಸಮಯ ಹಾಕಿರುತ್ತಾರೆ, ನೋಡಿಕೊಳ್ಳಿ. ಶುರುವಾದ ಮೇಲೆ ಮಧ್ಯದಲ್ಲಿ ಎದ್ದು ಹೋಗಬಹುದಾ ಅಂತ ಮೊದಲೇ ಕೇಳಿಟ್ಟುಕೊಂಡರೆ ಒಳ್ಳೆಯದು. ಕೆಲವು ಹತ್ತು ನಿಮಿಷದ್ದು, ಕೆಲವು ಆರು ಗಂಟೆಯದ್ದು.

ಒಳಗೆ ಕಾಲಿಟ್ಟ ಮೇಲೆ ಮೊದಲ ಸುತ್ತು

ಬಾಗಿಲ ಹತ್ತಿರ ಒಂದು ಮೇಜು ಇರುತ್ತದೆ, ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬರು ಕೂತಿರುತ್ತಾರೆ. ‘ನಮಸ್ಕಾರ’ ಅನ್ನಿ. ಅಷ್ಟೇ ಸಾಕು, ಯಾರು, ಎಲ್ಲಿಂದ ಅಂತ ಅವರು ವಿಚಾರಿಸುವುದಿಲ್ಲ. ಮೇಜಿನ ಮೇಲೆ ಮೂರು ವಸ್ತು ಹುಡುಕಿ: ಪ್ರದರ್ಶನದ ಬಗ್ಗೆ ಒಂದು ಪುಟದ ಟಿಪ್ಪಣಿ, ಕೃತಿಗಳ ಪಟ್ಟಿ, ಮತ್ತು ಹೆಸರು ಬರೆಯುವ ಪುಸ್ತಕ. ಪುಸ್ತಕದಲ್ಲಿ ಹೆಸರು, ಇಮೇಲ್ ಬರೆದರೆ ಮುಂದಿನ ಆಹ್ವಾನ ನಿಮಗೇ ಬರುತ್ತದೆ. ಈಗ ಕರೆಸಿಕೊಂಡವರ ಪಟ್ಟಿಯಲ್ಲಿ ನೀವೂ ಇದ್ದೀರಿ.

ಗ್ಲಾಸ್ ಕೈಗೆ ತೆಗೆದುಕೊಳ್ಳುವ ಮುಂಚೆ ಒಂದು ಪೂರ್ತಿ ಸುತ್ತು ಹಾಕಿ. ಯಾರ ಜೊತೆಗೂ ಮಾತಿಗೆ ನಿಲ್ಲಬೇಡಿ, ಎಲ್ಲ ಕೃತಿಗಳನ್ನೂ ಬೇಗ ಬೇಗ ನೋಡಿಕೊಂಡು ಬನ್ನಿ. ಮೇಲೆ, ಕೆಳಗೆ, ಮೂಲೆಯಲ್ಲೂ ನೋಡಿ. ಕೃತಿ ಗೋಡೆ ಮೇಲೇ ಇರಬೇಕು ಅಂತೇನಿಲ್ಲ. ಕಾರ್ಲ್ ಆಂಡ್ರೆ ಅನ್ನುವ ಶಿಲ್ಪಿ 1960ರ ದಶಕದಲ್ಲಿ ಲೋಹದ ಚೌಕಗಳನ್ನು ನೆಲಕ್ಕೆ ಹಾಸಿ ಅದರ ಮೇಲೆ ಜನ ನಡೆದಾಡಲಿ ಅಂದರು. ಜನ ಅದರ ಮೇಲೇ ನಿಂತು ಶಿಲ್ಪ ಎಲ್ಲಿದೆ ಅಂತ ಹುಡುಕಿದರೆ ಆಶ್ಚರ್ಯ ಇಲ್ಲ.

ಎರಡನೇ ಸುತ್ತಿನಲ್ಲಿ ಒಂದೇ ಒಂದು ಕೃತಿ ಆರಿಸಿಕೊಳ್ಳಿ. ಇಷ್ಟವಾದದ್ದೇ ಆಗಬೇಕಿಲ್ಲ, ‘ಇದೇನಪ್ಪಾ ಇದು’ ಅನಿಸಿದ್ದಾದರೂ ಸರಿ. ಅದರ ಮುಂದೆ ಎರಡು ನಿಮಿಷ ನಿಲ್ಲಿ. ಕಮ್ಮಿ ಅನಿಸುತ್ತದೆ ಅಲ್ವಾ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದೊಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅಳೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ ಬಂದದ್ದು ಸುಮಾರು 27 ಸೆಕೆಂಡ್. ಎರಡು ನಿಮಿಷ ನಿಂತವರಿಗೆ ಉಳಿದವರಿಗೆ ಕಾಣದ್ದು ಕಾಣುತ್ತದೆ: ಬಣ್ಣದ ಕೆಳಗೆ ಇನ್ನೊಂದು ಬಣ್ಣ, ಕ್ಯಾನ್ವಾಸಿನ ಅಂಚಿನಲ್ಲಿ ಇಳಿದ ಹನಿ, ಫೋಟೋ ಅಂದುಕೊಂಡದ್ದು ಪೆನ್ಸಿಲ್ ಕೆಲಸ ಅನ್ನುವ ವಿಷಯ. ಮುಂದೆ ಮಾತಾಡಲು ಬೇಕಾದ ಸರಕು ಇಷ್ಟೇ.

ಲೇಬಲ್‌ನಲ್ಲಿ ಹೆಸರು, ವರ್ಷ, ಮಾಧ್ಯಮ, ಅಳತೆ ಇರುತ್ತದೆ. ಮಾಧ್ಯಮದ ಸಾಲನ್ನು ಬಿಡಬೇಡಿ, ಎಷ್ಟೋ ಸಲ ಕೃತಿಯ ಗುಟ್ಟೆಲ್ಲ ಆ ಸಾಲಿನಲ್ಲೇ ಇರುತ್ತದೆ. ಪ್ರಿಂಟ್, ಫೋಟೋ ಮುಂತಾದವುಗಳ ಪಕ್ಕ 3/10 ಅಂತ ಇದ್ದರೆ ಹತ್ತು ಪ್ರತಿಗಳಲ್ಲಿ ಇದು ಮೂರನೆಯದು ಅಂತ ಅರ್ಥ. ‘ಎಪಿ’ ಅಂತ ಇದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಕೆಲವು ಗ್ಯಾಲರಿಗಳು ಲೇಬಲ್ ಹಾಕುವುದೇ ಇಲ್ಲ, ಆಗ ಕೈಯಲ್ಲಿರುವ ಪಟ್ಟಿಯೇ ಗತಿ.

ಮುಟ್ಟಬಹುದಾ?

ಬೇಡ. ಅದರಲ್ಲೂ ಓಪನಿಂಗ್ ದಿನ ಬೇಡವೇ ಬೇಡ, ಎಣ್ಣೆ ಬಣ್ಣ ಒಣಗಲು ವಾರಗಟ್ಟಲೆ ಹಿಡಿಯುತ್ತದೆ, ಕೊನೇ ಗಳಿಗೆಯಲ್ಲಿ ತಿದ್ದಿದ ಚಿತ್ರ ಇನ್ನೂ ಹಸಿಯೇ ಇರಬಹುದು. ಕೊನೇ ಗಳಿಗೆಯ ತಿದ್ದುಪಡಿ ಹಳೇ ಚಾಳಿ. 1832ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ, ಪ್ರದರ್ಶನ ತೆರೆಯುವ ಮುಂಚೆ, ಚಿತ್ರಕಾರ ಟರ್ನರ್ ತಮ್ಮ ಬೂದು ಬಣ್ಣದ ಸಮುದ್ರದ ಚಿತ್ರಕ್ಕೆ ಗೋಡೆ ಮೇಲೇ ಒಂದು ಕೆಂಪು ಚುಕ್ಕೆ ಇಟ್ಟು ಹೋದರು. ಪಕ್ಕದಲ್ಲಿದ್ದ, ಕಾನ್‌ಸ್ಟೆಬಲ್ ಅನ್ನುವ ಇನ್ನೊಬ್ಬ ಚಿತ್ರಕಾರರ ದೊಡ್ಡ, ಬಣ್ಣಬಣ್ಣದ ಚಿತ್ರ ಅದರ ಮುಂದೆ ಸಪ್ಪೆಯಾಯಿತು. ಆಮೇಲೆ ಬಂದು ಆ ಚುಕ್ಕೆಯನ್ನೇ ಹಡಗುಗಳಿಗೆ ಗುರುತಾಗಿ ನೀರಿನಲ್ಲಿ ತೇಲಿಬಿಡುವ ಬಾಯ್ ಆಗಿ ತಿದ್ದಿದರಂತೆ.

ಮುಟ್ಟಲೆಂದೇ, ತೆಗೆದುಕೊಳ್ಳಲೆಂದೇ ಮಾಡಿದ ಕೃತಿಗಳೂ ಇವೆ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ ಒಂದು ಕೃತಿ ಬಣ್ಣದ ಕಾಗದ ಸುತ್ತಿದ, ಮೂಲೆಯಲ್ಲಿ ಸುರಿದ ಮಿಠಾಯಿಯ ರಾಶಿ. ಅದರ ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ. ಏಡ್ಸ್‌ನಿಂದ ತೀರಿಕೊಂಡ ತಮ್ಮ ಸಂಗಾತಿಯ ನೆನಪಿಗೆ ಮಾಡಿದ್ದು. ನೋಡಲು ಬಂದವರು ಒಂದೊಂದು ತೆಗೆದುಕೊಂಡ ಹಾಗೆ ರಾಶಿ ಕರಗುತ್ತಾ ಹೋಗುತ್ತದೆ. ಅಲ್ಲಿ ತೆಗೆದುಕೊಳ್ಳದೆ ಬಂದರೇ ಕೃತಿ ಅರ್ಧ. ಆದರೆ ಇಂಥದ್ದು ಅಂತ ನೀವೇ ತೀರ್ಮಾನ ಮಾಡಬೇಡಿ, ಮೇಜಿನವರನ್ನು ಕೇಳಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಕೈ ಹಿಡಿದುಕೊಂಡಿದ್ದರೆ. 1942ರಲ್ಲಿ ನ್ಯೂಯಾರ್ಕಿನಲ್ಲಿ ಕನಸಿನಂಥ ವಿಚಿತ್ರ ಕೃತಿಗಳ ಸರ್ರಿಯಲಿಸ್ಟ್ ಪ್ರದರ್ಶನದ ಓಪನಿಂಗ್‌ನಲ್ಲಿ ಕಲಾವಿದ ಮಾರ್ಸೆಲ್ ದ್ಯುಷಾಂ ಇಡೀ ಹಾಲ್‌ಗೆ ಅಡ್ಡಾದಿಡ್ಡಿ ದಾರ ಕಟ್ಟಿ, ಸಾಲದ್ದಕ್ಕೆ ಮಕ್ಕಳನ್ನು ಕರೆಸಿ ಒಳಗೆ ಚೆಂಡಾಟ ಆಡಿಸಿದ್ದರು. ನಿಮ್ಮ ಮಗುವಿಗೆ ಅಂಥ ಅದೃಷ್ಟ ಸಿಗುವುದು ಕಷ್ಟ.

ಗ್ಲಾಸ್ ಎಲ್ಲಿಡುವುದು

ವೈನ್, ಜ್ಯೂಸ್, ನೀರು, ಏನಾದರೂ ಕೊಡುತ್ತಾರೆ. ಕುಡಿಯದವರು ನೀರು ಹಿಡಿದು ನಿಂತರೂ ಯಾರೂ ಕೇಳುವುದಿಲ್ಲ. ಊಟದ ಲೆಕ್ಕ ಇಟ್ಟುಕೊಂಡು ಹೋಗಬೇಡಿ, ಏನಾದರೂ ತಿಂದೇ ಹೋಗಿ. ಖಾಲಿ ಗ್ಲಾಸನ್ನು ಪೀಠದ ಮೇಲೆ, ಕಿಟಕಿ ಅಂಚಿನಲ್ಲಿ, ಕೃತಿಯ ಪಕ್ಕದಲ್ಲಿ ಇಡಬೇಡಿ. ಪಾನೀಯ ಕೊಟ್ಟ ಮೇಜಿಗೇ ವಾಪಸ್ ಇಡಿ. ಯಾಕೆ ಅಂದರೆ, 2001ರಲ್ಲಿ ಲಂಡನ್ನಿನ ಗ್ಯಾಲರಿಯೊಂದರಲ್ಲಿ ಕಲಾವಿದ ಡೇಮಿಯನ್ ಹರ್ಸ್ಟ್ ಅವರ ಇನ್‌ಸ್ಟಲೇಷನ್, ಅಂದರೆ ವಸ್ತುಗಳನ್ನು ಜೋಡಿಸಿಟ್ಟ ಕೃತಿ, ಒಂದಿತ್ತು: ತುಂಬಿದ ಆ್ಯಶ್‌ಟ್ರೇ, ಅರ್ಧ ಕುಡಿದ ಕಾಫಿ ಕಪ್, ಖಾಲಿ ಬಿಯರ್ ಬಾಟಲಿ. ಪಾರ್ಟಿ ಮುಗಿದ ಮೇಲೆ ಕ್ಲೀನ್ ಮಾಡಲು ಬಂದವರು ಅದನ್ನೆಲ್ಲ ಚೀಲಕ್ಕೆ ತುಂಬಿ ಎಸೆದರು. ಆಮೇಲೆ ಕಸದಿಂದ ಆರಿಸಿ, ಫೋಟೋ ನೋಡಿಕೊಂಡು ಮತ್ತೆ ಜೋಡಿಸಬೇಕಾಯಿತು. ಕ್ಲೀನ್ ಮಾಡಿದವರದ್ದು ತಪ್ಪು ಅಂತ ನನಗಂತೂ ಅನಿಸುವುದಿಲ್ಲ.

ಪಾನೀಯದ ವಿಷಯದಲ್ಲಿ ಪ್ಯಾರಿಸ್‌ನ ಕಲಾವಿದ ಈವ್ ಕ್ಲೈನ್ ಅವರನ್ನು ಮೀರಿಸಿದವರಿಲ್ಲ. 1958ರ ಏಪ್ರಿಲ್ 28ರಂದು ಅವರು ಖಾಲಿ ಗ್ಯಾಲರಿಯನ್ನೇ ಪ್ರದರ್ಶನಕ್ಕಿಟ್ಟರು. ಗೋಡೆಗೆ ಬಿಳಿ ಬಣ್ಣ, ಒಳಗೆ ಏನೂ ಇಲ್ಲ. ಆದರೂ ಬೀದಿ ತುಂಬಾ ಜನ, ಪೊಲೀಸರು ಬರಬೇಕಾಯಿತು. ಬಂದವರಿಗೆ ಕೊಟ್ಟ ನೀಲಿ ಕಾಕ್‌ಟೇಲ್‌ನಲ್ಲಿ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಬೆರೆಸಿದ್ದರು. ಮಾರನೇ ದಿನ ಕುಡಿದವರ ಮೂತ್ರವೂ ನೀಲಿ.

ಮಾತಿಗೆ ಇಳಿಯುವುದು

ಹೊಸಬರು ಹೆದರುವುದು ಇಲ್ಲೇ. ‘ನನಗೆ ಕಲೆ ಬಗ್ಗೆ ಏನೂ ಗೊತ್ತಿಲ್ಲ, ಏನು ಮಾತಾಡಲಿ?’ ಅಲ್ಲಿರುವವರಲ್ಲಿ ಅರ್ಧ ಜನಕ್ಕೆ ಇದೇ ಭಯ. ಮುಖದಲ್ಲಿ ಕಾಣಿಸುವುದಿಲ್ಲ ಅಷ್ಟೇ.

ಕಲಾವಿದರು ಯಾರು ಅಂತ ಗುರುತಿಸುವುದು ಸುಲಭ. ಎಲ್ಲರೂ ಅಭಿನಂದಿಸುತ್ತಿರುವ, ಎರಡು ದಿನ ನಿದ್ದೆ ಮಾಡದ ಕಣ್ಣಿನ ವ್ಯಕ್ತಿಯೇ ಅವರು. ಹತ್ತಿರ ಹೋಗಿ ಹೆಸರು ಹೇಳಿ, ಕೈಯಿಂದ ಮಾಡಿದ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ. ‘ಇದರ ಅರ್ಥ ಏನು?’ ಅಂತ ಕೇಳಿದರೆ ಅವರು ಗೋಡೆ ಮೇಲಿನ ಟಿಪ್ಪಣಿಯನ್ನೇ ಒಪ್ಪಿಸುತ್ತಾರೆ, ಸಂಜೆಯಿಂದ ಹತ್ತು ಜನಕ್ಕೆ ಅದನ್ನೇ ಹೇಳಿರುತ್ತಾರೆ. ‘ಇದನ್ನು ಎದ್ದು ನಿಲ್ಲಿಸಿದ್ದು ಹೇಗೆ?’, ‘ಇದರಲ್ಲಿ ಯಾವುದು ಮೊದಲು ಮಾಡಿದ್ದು?’, ‘ಇಷ್ಟು ದೊಡ್ಡದು ಸ್ಟುಡಿಯೋ ಬಾಗಿಲಲ್ಲಿ ಹಿಡಿಸಿತಾ?’ ಅಂತ ಕೇಳಿ ನೋಡಿ.

ಒಂದು ಓಪನಿಂಗ್‌ನಲ್ಲಿ ಕಂಡದ್ದು ಹೇಳುತ್ತೇನೆ. ಜೇನುಮೇಣದಿಂದ ಮಾಡಿದ ದಪ್ಪ ಹಲಗೆಯಂಥ ಕೃತಿಗಳು. ಕಲಾವಿದೆಯ ಸುತ್ತ ನಾಲ್ಕು ಜನ ಸೇರಿ ನೆನಪು, ಕಾಲ, ದೇಹ ಅಂತ ಏನೇನೋ ಹೇಳುತ್ತಿದ್ದರು, ಆಕೆ ಹೂಂ ಹೂಂ ಅಂತ ತಲೆ ಆಡಿಸುತ್ತಿದ್ದರು. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದು, ‘ಬೇಸಿಗೆಯಲ್ಲಿ ಇದು ಕರಗಲ್ವಾಮ್ಮಾ?’ ಅಂದರು. ಕಲಾವಿದೆಯ ಮುಖವೇ ಬದಲಾಯಿತು. ‘ಕರಗುತ್ತೆ ಅಮ್ಮಾ, ಅದೇ ದೊಡ್ಡ ತಲೆನೋವು’ ಅಂತ ಶುರು ಮಾಡಿ, ಮೇಣಕ್ಕೆ ರಾಳ ಬೆರೆಸಿ ಗಟ್ಟಿ ಮಾಡುವುದು, ಹದ ತಪ್ಪಿದರೆ ಬಿರುಕು ಬಿಡುವುದು, ಸಾಗಿಸುವಾಗ ಲಾರಿಯೊಳಗಿನ ಸೆಕೆಗೆ ಒಂದು ಮೂಲೆ ಇಳಿದುಹೋದದ್ದು, ಅದನ್ನು ಹಾಗೇ ಬಿಟ್ಟದ್ದು, ಎಲ್ಲ ಹೇಳಿದರು. ಆಮೇಲೆ ಆ ಅಮ್ಮನನ್ನು ಕರೆದುಕೊಂಡು ಹೋಗಿ ಆ ಇಳಿದ ಮೂಲೆಯನ್ನೂ ತೋರಿಸಿದರು. ನಾಲ್ಕು ಜನ ಹಿಂದೆ ಹಿಂದೆ ಹೋದರು.

ಐದು ನಿಮಿಷ ಸಾಕು. ಅವತ್ತು ಅವರು ಎಲ್ಲರಿಗೂ ಸಿಗಬೇಕು. ನಿಮ್ಮ ಕಲೆಯ ಫೋಟೋಗಳನ್ನು ಫೋನಿನಲ್ಲಿ ತೋರಿಸುವುದು, ಗ್ಯಾಲರಿ ಮಾಲೀಕರ ಕೈಗೆ ಪೋರ್ಟ್‌ಫೋಲಿಯೋ ತುರುಕುವುದು, ಇವೆರಡನ್ನೂ ದಯವಿಟ್ಟು ಮಾಡಬೇಡಿ. ನೀವು ಕಲಾವಿದರಾಗಿದ್ದರೆ ಸುಮ್ನೆ ಪರಿಚಯ ಮಾಡಿಕೊಳ್ಳಿ, ಉಳಿದದ್ದು ಮುಂದಿನ ವಾರ ಮೇಲ್‌ನಲ್ಲಿ. ಇಷ್ಟವಾಗದಿದ್ದರೆ ಸುಳ್ಳು ಹೊಗಳಿಕೆಯೂ ಬೇಡ. ‘ಆ ಬಾಗಿಲ ಪಕ್ಕದ್ದರ ಮುಂದೆ ಜಾಸ್ತಿ ಹೊತ್ತು ನಿಂತೆ’ ಅನ್ನಬಹುದು, ನಿಂತಿದ್ದರೆ. ಬೈಯಬೇಕು ಅನಿಸಿದರೆ ಬೀದಿ ದಾಟಿದ ಮೇಲೆ ಬೈಯಿರಿ, ನಿಮ್ಮ ಪಕ್ಕ ನಿಂತವರು ಕಲಾವಿದರ ಅಣ್ಣನೋ ಅತ್ತೆಯೋ ಆಗಿರುವ ಸಾಧ್ಯತೆ ತುಂಬಾ ಜಾಸ್ತಿ.

ಅಪರಿಚಿತರ ಜೊತೆ ಮಾತು ಶುರು ಮಾಡಲು ಕೃತಿಯೇ ನೆಪ. ಒಬ್ಬರೇ ನಿಂತವರ ಪಕ್ಕ ನಿಂತು, ‘ಇದು ಏತರಿಂದ ಮಾಡಿರಬಹುದು?’ ಅಂದರೆ ಸಾಕು. ‘ನೀವೇನು ಕೆಲಸ ಮಾಡುತ್ತೀರಿ?’ ಅಂತ ಮೊದಲ ಪ್ರಶ್ನೆಯೇ ಕೇಳುವವರಿಂದ ಸ್ವಲ್ಪ ದೂರ ಇರಿ. ನೀವು ಕೊಳ್ಳುವವರಾ ಅಲ್ಲವಾ ಅಂತ ಅವರು ತೂಗುತ್ತಿರುತ್ತಾರೆ.

ಬೆಲೆ ಕೇಳಿ

ಕೊಳ್ಳುವ ಯೋಚನೆ ಇಲ್ಲದಿದ್ದರೂ ಕೇಳಿ. ಖಾಸಗಿ ಗ್ಯಾಲರಿಯಲ್ಲಿ ಬೆಲೆ ಗೋಡೆ ಮೇಲೆ ಇರುವುದು ಕಡಿಮೆ. ಮೇಜಿನವರ ಹತ್ತಿರ ‘ಪ್ರೈಸ್ ಲಿಸ್ಟ್ ನೋಡಬಹುದಾ?’ ಅಂದರೆ ಕೊಡುತ್ತಾರೆ. ಅದು ಅವರ ದಿನನಿತ್ಯದ ಕೆಲಸ. ಕೆಲವು ದೊಡ್ಡ ಗ್ಯಾಲರಿಗಳು ಕೊಡದೆ, ‘ಯಾವುದರದ್ದು ಬೇಕು ಹೇಳಿ’ ಅನ್ನುತ್ತವೆ, ಆಗ ಒಂದರ ಬೆಲೆ ಕೇಳಿ ಬಿಡಿ. ಪಟ್ಟಿಯನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ: ಹೊಸ ಕಲಾವಿದರ ಬೆಲೆ ಹೆಚ್ಚಾಗಿ ಅಳತೆಯ ಮೇಲೆ ನಿಂತಿರುತ್ತದೆ. ದೊಡ್ಡದಕ್ಕೆ ಜಾಸ್ತಿ, ಚಿಕ್ಕದಕ್ಕೆ ಕಮ್ಮಿ, ಅವರಿಗೇ ಯಾವುದು ಹೆಚ್ಚು ಇಷ್ಟ ಅನ್ನುವುದು ಲೆಕ್ಕಕ್ಕಿಲ್ಲ. ಕಾಗದದ ಮೇಲಿನ ಕೆಲಸ ಕ್ಯಾನ್ವಾಸಿಗಿಂತ ಅಗ್ಗ.

ಲೇಬಲ್ ಪಕ್ಕ ಕೆಂಪು ಚುಕ್ಕಿ ಅಂಟಿಸಿದ್ದರೆ ಮಾರಾಟವಾಗಿದೆ ಅಂತ. ಅರ್ಧ ಚುಕ್ಕಿ ಅಥವಾ ಬೇರೆ ಬಣ್ಣದ್ದು ಇದ್ದರೆ ಯಾರೋ ಕಾದಿರಿಸಿದ್ದಾರೆ. ಪ್ರಿಂಟ್‌ನ ಪಕ್ಕ ನಾಲ್ಕು ಚುಕ್ಕಿ ಇದ್ದರೆ ನಾಲ್ಕು ಪ್ರತಿ ಹೋಗಿವೆ. ಚುಕ್ಕಿ ಜಾಸ್ತಿ ಇದ್ದ ಮಾತ್ರಕ್ಕೆ ಕೆಲಸ ಒಳ್ಳೆಯದು ಅಂದುಕೊಳ್ಳಬೇಡಿ, ಸೋಫಾದ ಮೇಲೆ ಹೊಂದುವ ಅಳತೆ ಅಂತಲೂ ಆಗಿರಬಹುದು.

ಗೋಡೆ ಮೇಲೇ ಬರೆದದ್ದನ್ನು, ಹಣ್ಣಿನಿಂದ ಮಾಡಿದ್ದನ್ನು ಹೇಗೆ ಮಾರುತ್ತಾರೆ ಅಂತ ಅನುಮಾನ ಬಂದರೆ ಅದನ್ನೂ ಕೇಳಿ, ಒಳ್ಳೆಯ ಪ್ರಶ್ನೆ. ಕಲಾವಿದ ಸಾಲ್ ಲೆವಿಟ್ ತಮ್ಮ ಮೊದಲ ಗೋಡೆ ಚಿತ್ರವನ್ನು 1968ರಲ್ಲಿ ನ್ಯೂಯಾರ್ಕಿನ ಪೌಲಾ ಕೂಪರ್ ಗ್ಯಾಲರಿಯ ಮೊದಲ ಪ್ರದರ್ಶನದಲ್ಲಿ ಬರೆದರು, ಪೆನ್ಸಿಲ್ ಗೆರೆಗಳಲ್ಲಿ. ಪ್ರದರ್ಶನ ಮುಗಿದ ಮೇಲೆ ಗೋಡೆಗೆ ಬಣ್ಣ ಬಳಿದರೆ ಇಂಥ ಚಿತ್ರ ಹೋಯಿತು. ಅವರ ಗೋಡೆ ಚಿತ್ರ ಕೊಂಡವರಿಗೆ ಸಿಗುವುದು ಪ್ರಮಾಣಪತ್ರ ಮತ್ತು ಹೇಗೆ ಬರೆಯಬೇಕು ಅನ್ನುವ ಸೂಚನೆ, ಬೇರೆ ಗೋಡೆ ಮೇಲೆ ಬೇರೆಯವರು ಮತ್ತೆ ಬರೆಯಬಹುದು. ಕಲಾವಿದ ಮೌರಿಜಿಯೋ ಕ್ಯಾಟೆಲಾನ್ 2019ರಲ್ಲಿ ಗೋಡೆಗೆ ಟೇಪ್ ಹಾಕಿ ಅಂಟಿಸಿದ ಬಾಳೆಹಣ್ಣಿನದ್ದೂ ಇದೇ ಕಥೆ. 120,000 ಡಾಲರ್‌ಗೆ ಹೋಯಿತು, ಪ್ರದರ್ಶನದಲ್ಲಿದ್ದ ಹಣ್ಣನ್ನು ಇನ್ನೊಬ್ಬ ಕಲಾವಿದ ಎಲ್ಲರೆದುರೇ ಸುಲಿದು ತಿಂದ, ಗ್ಯಾಲರಿಯವರು ಇನ್ನೊಂದು ಹಣ್ಣು ಅಂಟಿಸಿದರು.

ಇದೆಲ್ಲ ಶ್ರೀಮಂತರ ಆಟ ಅನಿಸಿದರೆ ಹರ್ಬ್ ಮತ್ತು ಡೊರೊತಿ ವೋಗೆಲ್ ದಂಪತಿಯನ್ನು ನೆನೆಸಿಕೊಳ್ಳಿ. ನ್ಯೂಯಾರ್ಕಿನಲ್ಲಿ ಆತ ಅಂಚೆ ಇಲಾಖೆ ಗುಮಾಸ್ತ, ಆಕೆ ಲೈಬ್ರರಿಯನ್. ಆಕೆಯ ಸಂಬಳದಲ್ಲಿ ಮನೆ ನಡೆಸಿದರು, ಆತನ ಸಂಬಳದಲ್ಲಿ ಕಲಾಕೃತಿ ಕೊಂಡರು. ಅವರ ನಿಯಮ ಸರಳ: ಕೈಗೆಟುಕುವ ಬೆಲೆ ಇರಬೇಕು, ತಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಹಿಡಿಸಬೇಕು. ಗ್ಯಾಲರಿ, ಸ್ಟುಡಿಯೋ ಸುತ್ತುವುದೇ ಅವರ ಸಂಜೆಯ ಕೆಲಸ. ಹೀಗೆ ಸೇರಿದ್ದು ನಾಲ್ಕು ಸಾವಿರಕ್ಕೂ ಜಾಸ್ತಿ ಕೃತಿಗಳು. 1992ರಲ್ಲಿ ಸಂಗ್ರಹವನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಕೊಡಲು ಒಪ್ಪಿದರು. ಮುಂದೆ 2008ರಲ್ಲಿ, ಅಮೆರಿಕದ 50 ರಾಜ್ಯಗಳ ಒಂದೊಂದು ಸಂಸ್ಥೆಗೆ 50 ಕೃತಿಗಳಂತೆ ಹಂಚುವ ಯೋಜನೆ ಶುರುವಾಯಿತು.

ಫೋಟೋ

ಸಾಮಾನ್ಯವಾಗಿ ತೆಗೆಯಬಹುದು, ಫ್ಲ್ಯಾಶ್ ಬೇಡ. ಕೃತಿಯ ಜೊತೆ ಲೇಬಲ್‌ದೂ ಒಂದು ಫೋಟೋ ಇರಲಿ, ಇಲ್ಲವಾದರೆ ತಿಂಗಳಾದ ಮೇಲೆ ಯಾರದ್ದು ಅಂತ ನೆನಪಿಗೆ ಬರಲ್ಲ. ಇನ್‌ಸ್ಟಾಗ್ರಾಂಗೆ ಹಾಕಿದರೆ ಕಲಾವಿದರ ಹೆಸರು ಸೇರಿಸಿ. ಸೆಲ್ಫಿಗೆ ಹಿಂದಕ್ಕೆ ಹೆಜ್ಜೆ ಇಡುವಾಗ ಮಯಾಮಿಯ ನೀಲಿ ನಾಯಿಯ ನೆನಪಿರಲಿ. ಟೀನೊ ಸೇಗಲ್ ಥರದ ಕಲಾವಿದರು ತಮ್ಮ ಕೃತಿಯ ಫೋಟೋ, ವಿಡಿಯೋ ಯಾವುದೂ ಬೇಡ ಅನ್ನುತ್ತಾರೆ, ಅಲ್ಲಿ ಫೋನ್ ಜೇಬಿನಲ್ಲೇ ಇರಲಿ.

ಹೊರಡುವಾಗ

ಒಂದು ಗಂಟೆ ಆದರೆ ಧಾರಾಳ ಆಯಿತು. ಹೇಳಿ ಹೋಗಬೇಕು ಅಂತೇನಿಲ್ಲ, ಕಲಾವಿದರು ಖಾಲಿ ಇದ್ದರೆ ಒಂದು ಮಾತು ಹೇಳಿ. ಎಂಟರ ಮೇಲೆ ಕೆಲವರು ಗುಂಪಾಗಿ ಊಟಕ್ಕೆ ಹೊರಡುವುದು ಕಾಣಿಸುತ್ತದೆ. ಅದು ಕಲಾವಿದರ, ಕೊಳ್ಳುವವರ, ಹತ್ತಿರದವರ ಊಟ. ಅದಕ್ಕೆ ಮಾತ್ರ ಕರೆದರೆ ಹೋಗಬೇಕು.

ಇಷ್ಟವಾದ ಪ್ರದರ್ಶನವಾದರೆ ಮುಗಿಯುವ ದಿನಾಂಕವನ್ನು ಫೋನಿನಲ್ಲಿ ಹಾಕಿಕೊಳ್ಳಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇರುತ್ತದೆ, ಕೊನೇ ದಿನಕ್ಕೆ ಬಿಟ್ಟರೆ ಆಗುವುದೇ ಇಲ್ಲ. ಕೆಲಸದ ದಿನ ಮಧ್ಯಾಹ್ನ ಹೋಗಿ. ರಜೆ ಯಾವತ್ತು ಅಂತ ಮೊದಲೇ ನೋಡಿಕೊಳ್ಳಿ, ಭಾನುವಾರ ಸೋಮವಾರ ಮುಚ್ಚುವ ಗ್ಯಾಲರಿಗಳು ತುಂಬಾ ಇವೆ. ಆವತ್ತು ಒಳಗೆ ನೀವೊಬ್ಬರೇ ಇರಬಹುದು, ವಿಡಿಯೋದ ಶಬ್ದ ಕೇಳುತ್ತದೆ, ಓಪನಿಂಗ್ ದಿನ ಬೆನ್ನುಗಳ ಹಿಂದೆ ಅಡಗಿದ್ದ ಚಿತ್ರ ಪೂರ್ತಿ ಕಾಣುತ್ತದೆ. ಮೇಜಿನ ಹಿಂದೆ ಕೂತವರಿಗೂ ಅವತ್ತು ಬಿಡುವು. ಓಪನಿಂಗ್‌ಗೆ ಬಂದಿದ್ದೆ, ಇನ್ನೊಮ್ಮೆ ನೋಡೋಣ ಅಂತ ಬಂದೆ ಅನ್ನಿ. ಅದೇ ಕಲಾವಿದರ ಬೇರೆ ಕೆಲಸಗಳು ಒಳಗಿನ ರೂಮಿನಲ್ಲಿ ಇರುತ್ತವೆ, ನೋಡಬಹುದಾ ಅಂತ ಕೇಳಿದರೆ ತೆಗೆದು ತೋರಿಸುವವರೂ ಇದ್ದಾರೆ.